ಬ್ಲೇಡಾ, ಶೇವರಾ? ಗಡ್ಡದ ಹಿಂದಿನ ಇಂಜಿನಿಯರಿಂಗ್

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ಹಾಸ್ಟೆಲ್‌ನಲ್ಲಿ ಎರಡು ಪ್ರಶ್ನೆ ಖಂಡಿತ ಕೇಳಿಬರುತ್ತವೆ. ಒಂದು, ಆಪ್ಟಿಟ್ಯೂಡ್‌ಗೆ ಯಾವ ಪುಸ್ತಕ ಓದ್ಬೇಕು. ಇನ್ನೊಂದು, ಗಡ್ಡ ತೆಗೆಯೋಕೆ ಬ್ಲೇಡೇ ಸಾಕಾ, ಎಲೆಕ್ಟ್ರಿಕ್ ಶೇವರ್ ತಗೋಬೇಕಾ. ಮೊದಲನೆಯದಕ್ಕೆ ಸೀನಿಯರ್‌ಗಳು ಉತ್ತರ ಕೊಡ್ತಾರೆ. ಎರಡನೆಯದಕ್ಕೆ ಸಿಗೋದು ಬರೀ ಜಾಹೀರಾತಿನ ಉತ್ತರ. ಬ್ಲೇಡ್ ಮಾರುವವರು ‘ನುಣುಪು’ ಅಂತಾರೆ, ಶೇವರ್ ಮಾರುವವರು ‘ಗಾಯವೇ ಆಗಲ್ಲ’ ಅಂತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಇಬ್ಬರೂ ಹೇಳದೆ ಬಿಡುವ ವಿಷಯ ಒಂದಿದೆ: ಗಡ್ಡವನ್ನು ಎಷ್ಟು ಬುಡಕ್ಕೆ ಕತ್ತರಿಸಿದರೆ ಅಷ್ಟು ಒಳ್ಳೇದು ಅನ್ನೋದು ಎಲ್ಲರ ಮುಖಕ್ಕೂ ನಿಜವಲ್ಲ. ಕೆಲವರಿಗೆ ಸ್ವಲ್ಪ ಕಡಿಮೆ ನುಣುಪೇ ಕ್ಷೇಮ. ಯಾಕೆ ಅಂತ ತಿಳಿಯಬೇಕಾದರೆ ಕೂದಲನ್ನು ಒಂದು ಮೆಟೀರಿಯಲ್ ಥರ, ಬ್ಲೇಡನ್ನು ಒಂದು ಕಟಿಂಗ್ ಟೂಲ್ ಥರ ನೋಡ್ಬೇಕು.

ಮೊದಲು ಕೂದಲು

ಕೂದಲು ಕೆರಾಟಿನ್ ಅನ್ನುವ ಪ್ರೋಟೀನ್‌ನ ನಾರು. ಇದರ ಸರಪಳಿಗಳನ್ನು ಮುಖ್ಯವಾಗಿ ಎರಡು ಬಗೆಯ ಬಂಧಗಳು ಹಿಡಿದಿಟ್ಟಿರುತ್ತವೆ. ಗಂಧಕದ ಡೈಸಲ್ಫೈಡ್ ಬಂಧ ಗಟ್ಟಿ, ನೀರಿಗೆ ಜಗ್ಗುವುದಿಲ್ಲ. ಹೈಡ್ರೋಜನ್ ಬಂಧ ದುರ್ಬಲ, ನೀರು ಒಳಹೊಕ್ಕರೆ ಬಿಟ್ಟುಕೊಳ್ಳುತ್ತೆ. ಒದ್ದೆ ತಲೆಯನ್ನು ಹೇಗೆ ಬಾಚಿದರೆ ಹಾಗೆ ಕೂದಲು ಕೂರೋದು, ಒಣಗಿದ ಮೇಲೆ ಅದೇ ಆಕಾರದಲ್ಲಿ ನಿಲ್ಲೋದು ಇದೇ ಕಾರಣಕ್ಕೆ. ಚೆನ್ನಾಗಿ ನೀರು ಕುಡಿದ ಕೂದಲು ಅಡ್ಡಕ್ಕೆ ಸುಮಾರು ಶೇ. 15ರಷ್ಟು ಉಬ್ಬುತ್ತೆ, ಉದ್ದದಲ್ಲಿ ಹೆಚ್ಚುವುದು ಶೇ. 1–2 ಮಾತ್ರ. ಉಬ್ಬಿದ ಕೂದಲು ಮೆದು. ಅದನ್ನು ಕತ್ತರಿಸೋಕೆ ಬೇಕಾದ ಬಲ ಗಣನೀಯವಾಗಿ ಇಳಿಯುತ್ತೆ.

ಗಮನಿಸಿ, ಇಲ್ಲಿ ಮೆದು ಮಾಡಿದ್ದು ನೀರು, ನೊರೆ ಅಲ್ಲ. ನೊರೆಯ ಕೆಲಸ ಚರ್ಮದ ಎಣ್ಣೆ ಬಿಡಿಸೋದು, ನೀರು ಆರದಂತೆ ಹಿಡಿದಿಡೋದು, ಬ್ಲೇಡ್ ಜಾರೋ ಹಾಗೆ ಮಾಡೋದು. ನೀರು ಕೂದಲಿನೊಳಗೆ ಇಳಿಯೋಕೆ ಎರಡು ಮೂರು ನಿಮಿಷವಾದರೂ ಬೇಕು. ಮುಖಕ್ಕೆ ನೀರು ಚಿಮುಕಿಸಿ, ಫೋಮ್ ಹಚ್ಚಿ, ಹತ್ತೇ ಸೆಕೆಂಡಿನಲ್ಲಿ ಬ್ಲೇಡ್ ಎಳೆಯುವವರು ಮಾಡ್ತಿರೋದು ಹೆಸರಿಗೆ ಮಾತ್ರ ವೆಟ್ ಶೇವಿಂಗ್. ಅರ್ಧ ಜನರ ಕುತ್ತಿಗೆ ಉರಿಗೆ ಕಾರಣ ಬ್ಲೇಡಲ್ಲ, ಈ ಅವಸರ ಅಂತ ನನ್ನ ಅನಿಸಿಕೆ. ಸ್ನಾನ ಮುಗಿಸಿ ಶೇವ್ ಮಾಡಿ, ಅಷ್ಟೇ. ದುಡ್ಡು ಖರ್ಚಿಲ್ಲದ ಅಪ್‌ಗ್ರೇಡ್.

ಎಲೆಕ್ಟ್ರಿಕ್ ಶೇವರ್‌ಗೆ ಇದರ ತದ್ವಿರುದ್ಧ. ಕೂದಲು ನೆಟ್ಟಗೆ, ಬಿಗಿಯಾಗಿ ನಿಂತರೆ ಮಾತ್ರ ಅದು ಶೇವರ್‌ನ ಜಾಲರಿಯ ತೂತಿನೊಳಗೆ ಹೋಗುತ್ತೆ. ಒದ್ದೆಯಾಗಿ ಮೆತ್ತಗಾದ ಕೂದಲು ಅಡ್ಡ ಮಲಗುತ್ತೆ. ಅರೆ ಒದ್ದೆ ಚರ್ಮವಂತೂ ಜಾಲರಿಗೆ ಅಂಟಿಕೊಂಡು ಎಳೆಯುತ್ತೆ. ಹಾಗಾಗಿ ಮಂಗಳೂರು, ಕಾರವಾರದ ಕಡೆ ಬೆವರುವ ಬೆಳಗ್ಗೆ ಶೇವರ್ ಸತಾಯಿಸಿದರೆ, ಕಲಬುರಗಿಯ ಒಣ ಹವೆಯಲ್ಲಿ ಅದೇ ಶೇವರ್ ಸಲೀಸಾಗಿ ಓಡುತ್ತೆ. ಸ್ವಲ್ಪ ಟಾಲ್ಕಂ ಪೌಡರ್ ಹಚ್ಚಿಕೊಂಡರೆ ಕರಾವಳಿಯಲ್ಲೂ ನಡೆಯುತ್ತೆ. ನೊರೆಯ ಜೊತೆಗೂ ಬಳಸಬಹುದಾದ ‘ವೆಟ್ ಅಂಡ್ ಡ್ರೈ’ ಮಾಡೆಲ್‌ಗಳಿವೆ, ಅಲ್ಲಿ ನೊರೆಯೇ ಆ ಜಾರುವಿಕೆ ಒದಗಿಸುತ್ತೆ. ಹಾಗಲ್ಲದ ಶೇವರ್‌ಗೆ ಮಾತ್ರ ಮೊದಲು ಶೇವಿಂಗ್, ಆಮೇಲೆ ಸ್ನಾನ.

ಉಕ್ಕು ಸೋಲೋದು ಹೇಗೆ

ಬ್ಲೇಡಿನ ಉಕ್ಕು ಮಾರ್ಟೆನ್ಸಿಟಿಕ್ ಸ್ಟೇನ್‌ಲೆಸ್ ಜಾತಿಯದು, ಕ್ರೋಮಿಯಂ ಸುಮಾರು ಶೇ. 13. ಹಾಳೆಯ ದಪ್ಪ 0.1 ಮಿ.ಮೀ. ಇಷ್ಟು ತೆಳು ಹಾಳೆಯನ್ನು ಸೊಟ್ಟಗಾಗದಂತೆ ಗಡಸು ಮಾಡೋದು ಒಂದು ಕಾಲಕ್ಕೆ ಆಗದ ಕೆಲಸ ಅನ್ನಿಸಿತ್ತು. ಕಿಂಗ್ ಜಿಲೆಟ್ ಅವರ ಬಿಸಾಡುವ ಬ್ಲೇಡಿನ ಕಲ್ಪನೆಯನ್ನು ಕಾರ್ಖಾನೆಗೆ ಇಳಿಸಿದ್ದು ವಿಲಿಯಂ ನಿಕರ್ಸನ್ ಅನ್ನುವ ಇಂಜಿನಿಯರ್. 1903ರಲ್ಲಿ, ಮಾರಾಟದ ಮೊದಲ ವರ್ಷ, ಹೋಗಿದ್ದು ಬರೀ 51 ರೇಜರ್, 168 ಬ್ಲೇಡ್. ಮರುವರ್ಷ ರೇಜರ್‌ಗಳ ಸಂಖ್ಯೆ 90 ಸಾವಿರ ದಾಟಿತು. ಬಂಡವಾಳವಿಲ್ಲದೆ ಸೊರಗಿರುವ ನಮ್ಮ ಸ್ಟಾರ್ಟಪ್ ಸೆಲ್‌ನವರು ಈ ಎರಡು ಅಂಕಿ ಗೋಡೆಗೆ ಬರೆದುಕೊಳ್ಳಬಹುದು.

ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಡಸು. ಆದರೂ ಕೆಲವೇ ಶೇವ್‌ಗಳಲ್ಲಿ ಬ್ಲೇಡ್ ಮೊಂಡಾಗುತ್ತೆ. ಅಂಚು ಸವೆದು ದುಂಡಗಾಗುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅಮೆರಿಕದ ಎಂಐಟಿಯಲ್ಲಿ (ನಮ್ಮ ಮಣಿಪಾಲದ್ದಲ್ಲ) ಸೆಮ್ ತಾಸನ್ ಅವರ ಮೆಟೀರಿಯಲ್ಸ್ ತಂಡ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನ ಒಳಗೇ ಕೂದಲು ಕತ್ತರಿಸಿ ನೋಡಿತು, 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಕಂಡದ್ದೇನಂದ್ರೆ, ಅಂಚಿನಿಂದ ಚೂರುಗಳು ಎಗರಿಹೋಗುತ್ತವೆ. ಅದಕ್ಕೆ ಮೂರು ಸಂಗತಿ ಒಟ್ಟಿಗೆ ಸೇರಬೇಕು: ಬ್ಲೇಡ್ ಕೂದಲಿಗೆ ಓರೆಯಾಗಿ ತಾಗಬೇಕು, ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇರಬಾರದು, ಕೂದಲು ಅಂಥ ದುರ್ಬಲ ಜಾಗದಲ್ಲೇ ಅಂಚನ್ನು ಸಂಧಿಸಬೇಕು. ಮೂರೂ ಕೂಡಿದಾಗ ಒಂದೇ ಕೂದಲು ಉಕ್ಕಿನ ಹಲ್ಲು ಮುರಿಯಬಲ್ಲದು. ಸ್ಟ್ರೆಸ್ ಕಾನ್ಸಂಟ್ರೇಷನ್ ಪಾಠಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಹಾಗೆ ಹಲ್ಲು ಮುರಿದ ಬ್ಲೇಡ್ ಕೂದಲನ್ನು ಕತ್ತರಿಸುವ ಬದಲು ಎಳೆಯುತ್ತೆ. ಎಳೆತ ಶುರುವಾದ ಕೂಡಲೆ ನಾವು ಇನ್ನೂ ಒತ್ತುತ್ತೇವೆ. ಆಗಲೇ ಗಾಯ.

ಕುಡುಗೋಲು ಮತ್ತು ಕತ್ತರಿ

ಊರಲ್ಲಿ ಹುಲ್ಲು ಕೊಯ್ಯೋದು ನೋಡಿದ್ದೀರಲ್ಲ. ಬಲಗೈಲಿ ಕುಡುಗೋಲು, ಎಡಗೈಲಿ ಹುಲ್ಲಿನ ಹಿಡಿ. ಆ ಎಡಗೈ ಇಲ್ಲದಿದ್ದರೆ ಹುಲ್ಲು ಬಾಗುತ್ತೆ, ಕತ್ತರಿಸಲ್ಲ. ಬ್ಲೇಡ್ ಕೂಡ ಕುಡುಗೋಲಿನ ಹಾಗೆ ಒಂದೇ ಅಂಚಿನ ಆಯುಧ. ಮುಖದಲ್ಲಿ ಕೂದಲನ್ನು ಹಿಡಿದಿರುವ ‘ಎಡಗೈ’ ಅಂದರೆ ಚರ್ಮ. ಕತ್ತರಿಸುವ ಬಲದ ಎದುರು ಬಲವೆಲ್ಲ ಕೂದಲಿನ ಬುಡದಲ್ಲೇ ಹುಟ್ಟಬೇಕು. ಉರಿ ಬರುವುದರಲ್ಲಿ ಆಶ್ಚರ್ಯವೇನಿದೆ?

ಶೇವರ್ ಹಾಗಲ್ಲ, ಅದು ಕತ್ತರಿ. ಜಾಲರಿಯ ತೂತಿನ ಅಂಚು ಒಂದು ಅಲಗು, ಒಳಗೆ ಓಡುವ ಕಟ್ಟರ್ ಇನ್ನೊಂದು ಅಲಗು. ಬಲ, ಎದುರು ಬಲ ಎರಡೂ ಯಂತ್ರದೊಳಗೇ ಮುಗಿಯುತ್ತವೆ, ಬುಡಕ್ಕೆ ಬೀಳುವ ಎಳೆತ ಕಡಿಮೆ. ಅಮೆರಿಕದ ಜೇಕಬ್ ಶಿಕ್ 1931ರಲ್ಲಿ ಇಂಥ ಒಣ ಶೇವರನ್ನು ಮಾರುಕಟ್ಟೆಗೆ ತಂದರು. ನೆದರ್ಲೆಂಡ್ಸ್‌ನ ಫಿಲಿಪ್ಸ್‌ನಲ್ಲಿ ಅಲೆಕ್ಸಾಂಡರ್ ಹೊರೊವಿಟ್ಜ್ ರೂಪಿಸಿದ, ಗುಂಡಗೆ ತಿರುಗುವ ತಲೆಯ ಶೇವರ್ 1939ರಲ್ಲಿ ಬಂತು. ಜರ್ಮನಿಯ ಬ್ರಾನ್ 1950ರಲ್ಲಿ ತೆಳು ಲೋಹದ ಜಾಲರಿಯ ಮಾದರಿ ತಂದಿತು. ಇವತ್ತಿಗೂ ಅಂಗಡಿಯಲ್ಲಿ ಸಿಗೋದು ಈ ಎರಡು ಜಾತಿಗಳೇ, ರೋಟರಿ ಮತ್ತು ಫಾಯಿಲ್.

ಶೇವರ್ ಬ್ಲೇಡಿನಷ್ಟು ನುಣುಪು ಕೊಡದಿರೋಕೆ ಮೋಟಾರ್ ಕಾರಣವಲ್ಲ, ಜ್ಯಾಮಿತಿ ಕಾರಣ. ಕಟ್ಟರ್‌ಗೂ ಚರ್ಮಕ್ಕೂ ನಡುವೆ ಜಾಲರಿ ಯಾವಾಗಲೂ ಇರುತ್ತೆ. ಅದರ ದಪ್ಪ 0.06 ಮಿ.ಮೀ. ಅಂತ ಇಟ್ಟುಕೊಳ್ಳಿ. ಗಡ್ಡ ದಿನಕ್ಕೆ ಸುಮಾರು 0.36 ಮಿ.ಮೀ. ಬೆಳೆದರೆ ಗಂಟೆಗೆ 0.015. ಭಾಗಿಸಿದರೆ 4 ಗಂಟೆ. ಅಂದರೆ ಬೆಳಗ್ಗೆ 8ಕ್ಕೆ ಶೇವರ್ ಹಿಡಿದವನ ಮುಖ, ಅದೇ 8ಕ್ಕೆ ಬ್ಲೇಡ್ ಹಾಕಿದವನ ಮುಖ ಮಧ್ಯಾಹ್ನ 12ಕ್ಕೆ ಹೇಗಿರುತ್ತೋ ಹಾಗಿರುತ್ತೆ. ಚರ್ಮ ತೂತಿನೊಳಗೆ ಸ್ವಲ್ಪ ಉಬ್ಬುತ್ತೆ, ಬ್ಲೇಡ್ ಎಲ್ಲ ಕಡೆ ಒಂದೇ ಮಟ್ಟಕ್ಕೆ ಕತ್ತರಿಸಲ್ಲ, ಹಾಗಾಗಿ ಇದು ಕರಡು ಲೆಕ್ಕ. ಆದರೂ ನಿಮ್ಮ ಇಂಟರ್‌ವ್ಯೂ ಮಧ್ಯಾಹ್ನದ ಸ್ಲಾಟ್‌ನಲ್ಲಿದ್ದರೆ ಈ ವ್ಯತ್ಯಾಸವನ್ನು ಎದುರು ಕೂತವರು ಗುರುತಿಸ್ತಾರೆ ಅಂತ ನನಗನ್ನಿಸಲ್ಲ.

ಆ 0.06 ಮಿ.ಮೀ. ಯಾರಿಗೆ ಔಷಧಿ

1971ರಲ್ಲಿ ಎರಡು ಬ್ಲೇಡಿನ ಟ್ರ್ಯಾಕ್ ಟು ಬಂದಾಗ ಅದರ ತತ್ವಕ್ಕೆ ಹಿಸ್ಟೆರಿಸಿಸ್ ಅನ್ನೋ ಹೆಸರಿತ್ತು. ಮೊದಲ ಬ್ಲೇಡ್ ಕೂದಲನ್ನು ಕತ್ತರಿಸುತ್ತಲೇ ಸ್ವಲ್ಪ ಮೇಲಕ್ಕೆಳೆಯುತ್ತೆ. ಅದು ವಾಪಸ್ ಇಳಿಯುವ ಮೊದಲೇ ಎರಡನೆಯದು ಇನ್ನೂ ಕೆಳಗೆ ಕತ್ತರಿಸುತ್ತೆ. ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಹೋಗಿ ಕೂರುತ್ತೆ. ಕೈ ಆಡಿಸಿದರೆ ರೇಷ್ಮೆ.

ನೇರ ಕೂದಲಿನವರಿಗೆ ಇದರಿಂದ ತೊಂದರೆ ಇಲ್ಲ. ಗುಂಗುರು ಕೂದಲಿನವರಿಗೆ ಇದೇ ಸಮಸ್ಯೆ. ಚೂಪಾದ ತುದಿ ಬೆಳೆಯುತ್ತಾ ಬಾಗಿ, ಹೊರಬರುವ ಬದಲು ಪಕ್ಕದ ಚರ್ಮಕ್ಕೆ ಚುಚ್ಚುತ್ತೆ. ದೇಹ ಅದನ್ನು ಮುಳ್ಳು ಅಂತಲೇ ತಿಳಿದು ಹೋರಾಡುತ್ತೆ. ಕುತ್ತಿಗೆ, ದವಡೆಯ ಕೆಳಗೆ ಸಣ್ಣ ಕೆಂಪು ಗುಳ್ಳೆಗಳು, ಆಮೇಲೆ ಕಪ್ಪು ಕಲೆ. ವೈದ್ಯರು ಇದಕ್ಕೆ ಸ್ಯೂಡೋಫಾಲಿಕ್ಯುಲೈಟಿಸ್ ಅಂತಾರೆ, ನಾವು ಮೊಡವೆ ಅಂದ್ಕೊಂಡು ಇನ್ನೂ ಬುಡಕ್ಕೆ ಶೇವ್ ಮಾಡ್ತೀವಿ. ಅಮೆರಿಕದ ಸೇನೆಯಲ್ಲಿ ಕಪ್ಪು ಸೈನಿಕರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ವೈದ್ಯರ ಚೀಟಿಯ ಮೇಲೆ ಶೇವಿಂಗ್‌ನಿಂದ ವಿನಾಯಿತಿ ಕೊಡುವ ಪದ್ಧತಿಯೇ ಬಂತು.

ಇಂಥವರಿಗೆ ಜಾಲರಿಯ ದಪ್ಪ ದೋಷವಲ್ಲ, ರಕ್ಷಣೆ. ಗುಳ್ಳೆ ಹೆಚ್ಚಿದ್ದರೆ ಶೇವರ್ ಕೂಡ ಬೇಡ, ಟ್ರಿಮ್ಮರ್‌ನಲ್ಲಿ 1 ಮಿ.ಮೀ. ಉಳಿಸಿ. ಅಚ್ಚುಕಟ್ಟಾದ 1 ಮಿ.ಮೀ. ಗಡ್ಡ, ಉರಿಯುವ ಕೆಂಪು ಕುತ್ತಿಗೆಗಿಂತ ಯಾವ ಇಂಟರ್‌ವ್ಯೂಗಾದರೂ ಮೇಲು. ಬ್ಲೇಡೇ ಬೇಕು ಅನ್ನೋರು ಒಂಟಿ ಬ್ಲೇಡ್ ಬಳಸಿ, ಕೂದಲು ಬೆಳೆಯುವ ದಿಕ್ಕಿಗೇ ಎಳೆಯಿರಿ, ಚರ್ಮವನ್ನು ಜಗ್ಗಿ ಹಿಡೀಬೇಡಿ. ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು: ಕಲೆ ಹೋಗಲಿ ಅಂತ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಕ್ರೀಮ್ ಮುಖಕ್ಕೆ ಹಚ್ಚಬೇಡಿ. ಎರಡು ವಾರ ಮುಖ ಫಳಫಳ ಅನ್ನುತ್ತೆ, ಬರಬರುತ್ತಾ ಚರ್ಮ ತೆಳುವಾಗಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಅನ್ನೋ ಸ್ಥಿತಿ ಬರುತ್ತೆ. ಕೀವು ಕಂಡರೆ ಚರ್ಮದ ಡಾಕ್ಟರ ಹತ್ರ ಹೋಗಿ.

ಹಾಸ್ಟೆಲ್ ನೀರು, ಹಾಸ್ಟೆಲ್ ಜೇಬು

2002ರಲ್ಲಿ ಜಿಲೆಟ್ ಕಂಪನಿ ಭಾರತಕ್ಕಾಗಿ ವೆಕ್ಟರ್ ಅನ್ನುವ ರೇಜರ್ ಮಾಡಿತು. ಪರೀಕ್ಷೆ ಮಾಡಿದ್ದು ಬಾಸ್ಟನ್ನಿನಲ್ಲೇ, ಅದೇ ಎಂಐಟಿಯ ಭಾರತೀಯ ವಿದ್ಯಾರ್ಥಿಗಳ ಮೇಲೆ. ಅವರೆಲ್ಲ ಮೆಚ್ಚಿದರು. ಇಲ್ಲಿಗೆ ಬಂದ ಮೇಲೆ ಸೋತಿತು. ಸಿಕ್ಕಿಕೊಂಡ ಕೂದಲನ್ನು ತೊಳೆಯೋಕೆ ಹರಿಯುವ ನೀರು ಬೇಕಿತ್ತು, ಇಲ್ಲಿ ಬಹಳ ಜನ ಶೇವ್ ಮಾಡುತ್ತಿದ್ದದ್ದು ಒಂದು ಲೋಟ ನೀರಿನಲ್ಲಿ! ಆಮೇಲೆ ಅವರ ಜನ ನಮ್ಮ ಮನೆಗಳಿಗೇ ಬಂದು ಗಂಟೆಗಟ್ಟಲೆ ಕೂತು ನೋಡಿದರು. 2010ರಲ್ಲಿ ಒಂದೇ ಬ್ಲೇಡಿನ, ಸುಲಭವಾಗಿ ತೊಳೆಯಬಹುದಾದ ಗಾರ್ಡ್ ಬಂತು. ರೇಜರ್ 15 ರೂಪಾಯಿ, ಕಾರ್ಟ್ರಿಡ್ಜ್ 5 ರೂಪಾಯಿ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ‘ಯೂಸರ್ ಸ್ಟಡಿ’ ಅಂತ ರೂಮ್‌ಮೇಟ್‌ಗಳ ಗೂಗಲ್ ಫಾರ್ಮ್ ಅಂಟಿಸುವ ಮೊದಲು ಈ ಕಥೆ ಒಮ್ಮೆ ನೆನಪಿಸಿಕೊಳ್ಳಿ.

ನಮ್ಮ ಬೋರ್‌ವೆಲ್ ನೀರಿನ ಕಥೆಯೂ ಇದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಕೆನೆಯಾಗುತ್ತೆ, ನೊರೆಯೇ ಏಳಲ್ಲ. ನೊರೆ ಎಬ್ಬಿಸೋಕೆ ಮಾತ್ರ ಒಂದು ಲೋಟ ಆರ್‌ಒ ನೀರು ಬಳಸಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತೆ.

ಖರ್ಚಿನ ಲೆಕ್ಕ ಹಾಕೋಣ. ಬೆಲೆಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಅಂಗಡಿಯ ಬೆಲೆ ಹಾಕಿಕೊಳ್ಳಿ. ದಿನ ಬಿಟ್ಟು ದಿನ ಅಂದ್ರೆ ವರ್ಷಕ್ಕೆ 180 ಶೇವ್. ಡಬಲ್ ಎಡ್ಜ್ ಬ್ಲೇಡ್ 3 ರೂಪಾಯಿ, 5 ಶೇವ್ ಬಂದರೆ 36 ಬ್ಲೇಡ್, 108 ರೂಪಾಯಿ. ಕ್ರೀಮ್ 280 ಸೇರಿಸಿದರೆ 388. ಐದು ಬ್ಲೇಡಿನ ಕಾರ್ಟ್ರಿಡ್ಜ್ 150 ರೂಪಾಯಿ, 10 ಶೇವ್ ಬಂದರೆ 18 ಕಾರ್ಟ್ರಿಡ್ಜ್, 2,700. ಕ್ರೀಮ್ ಸೇರಿ 2,980. ಈಗ 3,000 ರೂಪಾಯಿಯ ಶೇವರ್ ತಂದರೆ ಕಾರ್ಟ್ರಿಡ್ಜ್ ಬಳಸುವವನಿಗೆ ಒಂದೇ ವರ್ಷದಲ್ಲಿ ದುಡ್ಡು ವಾಪಸ್. ಡಬಲ್ ಎಡ್ಜ್ ಬಳಸುವವನಿಗೆ ಏಳೂವರೆ ವರ್ಷ ದಾಟುತ್ತೆ, ಅಷ್ಟರೊಳಗೆ ಜಾಲರಿ, ಕಟ್ಟರ್ ಬದಲಾಯಿಸಬೇಕು, ಬ್ಯಾಟರಿಯೂ ಸೋತಿರುತ್ತೆ. ‘ಶೇವರ್ ಅಗ್ಗ’ ಅನ್ನುವ ಹೋಲಿಕೆಗಳು ಯಾವ ಬ್ಲೇಡಿನ ಜೊತೆ ಹೋಲಿಸಿವೆ ಅಂತ ನೋಡ್ಕೊಳ್ಳಿ. ನನ್ನ ಮಟ್ಟಿಗೆ ವಿದ್ಯಾರ್ಥಿ ಜೇಬಿಗೆ ಎಲ್ಲಕ್ಕಿಂತ ದಂಡದ ಖರ್ಚು ಆ ಐದು ಬ್ಲೇಡಿನ ಕಾರ್ಟ್ರಿಡ್ಜ್. ಗುಳ್ಳೆ ಇಲ್ಲದವರಿಗೆ ಡಬಲ್ ಎಡ್ಜ್, ಇರುವವರಿಗೆ ಟ್ರಿಮ್ಮರ್ ಅಥವಾ ಫಾಯಿಲ್ ಶೇವರ್.

ಯಾವುದೇ ಆಗಲಿ, ಹಂಚಿಕೊಳ್ಳೋದು ಮಾತ್ರ ಬೇಡ. ‘ಮಗಾ, ನಿನ್ ರೇಜರ್ ಕೊಡೋ’ ಅನ್ನೋದು ಹಾಸ್ಟೆಲ್‌ನಲ್ಲಿ ಸ್ನೇಹದ ಲಕ್ಷಣ ಆಗಿಬಿಟ್ಟಿದೆ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರಬಲ್ಲದು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬ್ಲೇಡ್ ಬದಲಿಸಿದೆ ಅಂದರೂ ಹಿಡಿಕೆ, ಬ್ರಷ್, ಪಟಿಕದ ತುಂಡು ಹಾಗೇ ಇರುತ್ತವೆ. ಶೇವರ್‌ನ ಜಾಲರಿಯೂ ಸಣ್ಣದಾಗಿ ತರಚುತ್ತೆ. ಕಟಿಂಗ್ ಶಾಪ್‌ನಲ್ಲಿ ನಮ್ಮ ಕಣ್ಣೆದುರೇ ಹೊಸ ಬ್ಲೇಡ್ ಮುರಿದು ಅರ್ಧ ಹಾಕ್ತಾರಲ್ಲ, ಅದನ್ನು ಕೇಳೋಕೆ ಸಂಕೋಚ ಬೇಡ.

ಬಳಸಿದ ಬ್ಲೇಡ್ ಎಲ್ಲಿ ಹೋಗುತ್ತೆ

ಅಮೆರಿಕದ ಹಳೆಯ ಮನೆಗಳ ಬಚ್ಚಲಿನ ಗೋಡೆಯಲ್ಲಿ ಬ್ಲೇಡ್ ಹಾಕೋಕೆ ಒಂದು ಸೀಳು ಇರ್ತಿತ್ತು. ಹಾಕಿದ ಬ್ಲೇಡ್ ಗೋಡೆಯೊಳಗೇ ಬಿದ್ದಿರುತ್ತೆ, ಮನೆ ಒಡೆಯುವಾಗ ರಾಶಿ ರಾಶಿ ಸಿಗುತ್ತವೆ. ನಗು ಬರಬಹುದು, ಆದರೆ ನಾವು ಮಾಡೋದು ಇನ್ನೂ ಕೆಟ್ಟದ್ದು. ವಾಶ್‌ರೂಮ್ ಕಿಟಕಿಯ ಮೇಲೆ ಇಡ್ತೀವಿ, ಇಲ್ಲವೇ ಸುಮ್ಮನೆ ಡಸ್ಟ್‌ಬಿನ್‌ಗೆ ಎಸೀತೀವಿ. ಆ ಕಸವನ್ನು ಬೆಳಗ್ಗೆ ಕೈಯಲ್ಲಿ ವಿಂಗಡಿಸುವವರು ನಮ್ಮ ಹಾಸ್ಟೆಲ್‌ನ ಅಕ್ಕಂದಿರು, ಆಮೇಲೆ ಪೌರಕಾರ್ಮಿಕರು. ಒಂದು ಫ್ಲೋರ್‌ನಲ್ಲಿ 40 ಜನ ಇದ್ದು, ಎಲ್ಲರೂ ಮೇಲಿನ ಲೆಕ್ಕದ ಹಾಗೇ ಬ್ಲೇಡ್ ಬಳಸಿದರೆ ವರ್ಷಕ್ಕೆ 1,440 ಬ್ಲೇಡ್.

ಖಾಲಿ ತಗಡಿನ ಡಬ್ಬಿ ಒಂದು ತಗೊಳ್ಳಿ, ಮುಚ್ಚಳದಲ್ಲಿ ಬ್ಲೇಡ್ ಅಡ್ಡವಾಗಿ ಹೋಗುವಷ್ಟು, ಅಂದರೆ 25 ಮಿ.ಮೀ. ಉದ್ದ, 2 ಮಿ.ಮೀ. ಅಗಲದ ಸೀಳು ಕೊರೆಯಿರಿ, ಮುಚ್ಚಳವನ್ನು ಎಂ-ಸೀಲ್ ಹಾಕಿ ಅಂಟಿಸಿ. ವರ್ಕ್‌ಶಾಪ್‌ನಲ್ಲಿ ಕೇಳಿದರೆ ಹತ್ತು ನಿಮಿಷದ ಕೆಲಸ. ಮೇಲೆ ಪರ್ಮನೆಂಟ್ ಮಾರ್ಕರ್‌ನಲ್ಲಿ ‘ಬ್ಲೇಡ್, ತೆರೀಬೇಡಿ’ ಅಂತ ಕನ್ನಡದಲ್ಲೇ ಬರೀರಿ, ಫ್ಲೋರ್‌ಗೊಂದು ಕನ್ನಡಿಯ ಪಕ್ಕ ಇಡಿ.