ದುಡ್ಡು ಯಾರ ಕೈಯಲ್ಲಿದೆ?

ಪ್ರಶ್ನೆ: ಚುನಾವಣೆ ಬಂದರೆ ಸಾಲ ಮನ್ನಾ, ಉಚಿತ ಅಕ್ಕಿ, ಉದ್ಯೋಗ ಎಂದು ಎಲ್ಲ ಪಕ್ಷಗಳೂ ಹೇಳುತ್ತವೆ. ಅರ್ಥಶಾಸ್ತ್ರ ಓದದ ನನ್ನಂಥವರು ಇವನ್ನು ತೂಗಿ ನೋಡುವುದು ಹೇಗೆ?

ಉತ್ತರ: ಅದಕ್ಕೆ ಅರ್ಥಶಾಸ್ತ್ರ ಬೇಕಿಲ್ಲ. ಒಂದೇ ಒಂದು ಭರವಸೆಯ ಬೆನ್ನು ಹತ್ತಿ ಕೊನೆಯವರೆಗೆ ಹೋಗಿ ನೋಡಿ.

ಅಧಿಕಾರಕ್ಕೆ ಬಂದ 24 ಗಂಟೆಯೊಳಗೆ ರೈತರ ಸಾಲ ಮನ್ನಾ ಮಾಡುವುದಾಗಿ 2018ರಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ಹೇಳಿದ್ದರು. ಬಹುಮತ ಸಿಗದೆ ಮೈತ್ರಿ ಸರ್ಕಾರ ನಡೆಸಬೇಕಾಯಿತು. ಆದರೂ ಜುಲೈ ಬಜೆಟ್ಟಿನಲ್ಲಿ ಸುಮಾರು 34,000 ಕೋಟಿ ರೂಪಾಯಿಯ ಮನ್ನಾ ಘೋಷಿಸಿದರು, ಹಾಗಾಗಿ ಅದು ಪೊಳ್ಳು ಮಾತಾಗಿತ್ತು ಎನ್ನಲಾರೆ. ಆದರೆ ಭಾಷಣದಲ್ಲಿದ್ದ ಸಾಲ ಕಡತಕ್ಕೆ ಬರುವಷ್ಟರಲ್ಲಿ ಬೆಳೆ ಸಾಲವಾಗಿತ್ತು, ಅದಕ್ಕೆ 2 ಲಕ್ಷ ರೂಪಾಯಿಯ ಮಿತಿ ಬಿದ್ದಿತ್ತು. ರಾಷ್ಟ್ರೀಕೃತ ಬ್ಯಾಂಕಿಗೆ ಸಾಲ ಬಿಟ್ಟುಬಿಡು ಎಂದು ರಾಜ್ಯ ಸರ್ಕಾರ ಹುಕುಂ ಮಾಡುವಂತಿಲ್ಲ. ರೈತನ ಬದಲು ತಾನೇ ಹಣ ಕಟ್ಟಬೇಕು. ಅಷ್ಟು ಹಣ ಒಂದೇ ದಿನದಲ್ಲಿ ಯಾವ ಖಜಾನೆಯಿಂದಲೂ ಹೊರಡುವುದಿಲ್ಲ. ಬ್ಯಾಂಕಿನ ಮೆಟ್ಟಿಲನ್ನೇ ಹತ್ತಲಾಗದ ಗೇಣಿ ರೈತನಿಗಂತೂ ಬ್ಯಾಂಕ್ ಸಾಲದ ಮನ್ನಾದಿಂದ ಬಂದದ್ದೇನೂ ಇಲ್ಲ. ಅವನ ಬಗ್ಗೆ ಭಾಷಣಗಳು ಮೌನವಾಗಿದ್ದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಅದೇ ಬಜೆಟ್ಟಿನಲ್ಲಿ ತೆರಿಗೆ ಏರಿ, ಲೀಟರ್ ಪೆಟ್ರೋಲಿಗೆ 1.14 ರೂಪಾಯಿ, ಡೀಸೆಲಿಗೆ 1.12 ರೂಪಾಯಿ ಹೆಚ್ಚಾಯಿತು. ಟ್ರ್ಯಾಕ್ಟರ್ ಓಡುವುದು ಡೀಸೆಲಿನಿಂದ. ಮನ್ನಾದ ಒಂದು ಪಾಲನ್ನು ಉಳುವವನೇ ಬಂಕಿನಲ್ಲಿ ಕಟ್ಟಿದ.

ಇನ್ನೊಂದು ಕೇಳಬೇಕಾದ್ದು, ಭರವಸೆ ಈಡೇರಿಸುವ ಅಧಿಕಾರ ಅವರಿಗಿದೆಯೇ ಎಂಬುದು. 2023ರಲ್ಲಿ ಕಾಂಗ್ರೆಸ್ ತಲಾ 10 ಕೆ.ಜಿ. ಅಕ್ಕಿ ಎಂದಿತು. ಹೆಚ್ಚುವರಿ ಅಕ್ಕಿ ಆಹಾರ ನಿಗಮದ ಗೋದಾಮಿನಲ್ಲಿತ್ತು, ಕೇಂದ್ರ ಕೊಡಲಿಲ್ಲ. ಆ ಹೆಚ್ಚುವರಿ 5 ಕೆ.ಜಿ.ಗೆ ಬದಲಾಗಿ ಕೆ.ಜಿ.ಗೆ 34 ರೂಪಾಯಿಯಂತೆ ಖಾತೆಗೆ ಹಣ ಹಾಕಬೇಕಾಯಿತು. ಅದೇ ಚುನಾವಣೆಯಲ್ಲಿ ಬಿಜೆಪಿ ಬಡ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಉಚಿತ ಸಿಲಿಂಡರ್ ಎಂದಿತ್ತು. ಅದನ್ನೂ ಇದೇ ಒರೆಗೆ ಹಚ್ಚಬೇಕು.

ಉಚಿತ ಎಂದ ಮಾತ್ರಕ್ಕೆ ಅದು ಕೆಟ್ಟದ್ದು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಉಚಿತ ಪ್ರಯಾಣದಿಂದ ಬಸ್ಸಿನ ದುಡ್ಡು ಉಳಿದ ಹೆಣ್ಣುಮಗಳು ದೂರದ ಕೆಲಸಕ್ಕೆ ಹೋಗಬಲ್ಲಳು, ಅದೂ ಆರ್ಥಿಕತೆಯೇ. ಆದರೆ ಖರ್ಚಿನ ಲೆಕ್ಕ ಮೊದಲೇ ನಮ್ಮ ಮುಂದಿರಬೇಕು. ಹೊಸ ತೆರಿಗೆಯೋ, ಸಾಲವೋ, ಬೇರೆ ಕೆಲಸಕ್ಕೆ ಕತ್ತರಿಯೋ, ಮೂರರಲ್ಲಿ ಒಂದಂತೂ ಆಗಲೇಬೇಕು. ಸಾಲಕ್ಕೂ ಮಿತಿಯಿದೆ: 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ನಮ್ಮ ರಾಜ್ಯವನ್ನು ಕಟ್ಟಿಹಾಕಿದೆ.

ಇದನ್ನು ಕೇಳಲು ನಿಮಗೆ ಆಧಾರವೂ ಇದೆ. ಸುಪ್ರೀಂ ಕೋರ್ಟಿನ 2013ರ ತೀರ್ಪಿನ ನಂತರ ಚುನಾವಣಾ ಆಯೋಗ ಮಾದರಿ ನೀತಿ ಸಂಹಿತೆಗೆ ಪ್ರಣಾಳಿಕೆಯ ಕುರಿತ ಒಂದು ಭಾಗ ಸೇರಿಸಿತು. ಭರವಸೆ ಏಕೆ ಕೊಡುತ್ತಿದ್ದೇವೆ, ಹಣ ಹೇಗೆ ಹೊಂದಿಸುತ್ತೇವೆ ಎಂಬುದನ್ನು ಪಕ್ಷಗಳು ಸ್ಥೂಲವಾಗಿ ತಿಳಿಸಬೇಕು ಎನ್ನುತ್ತದೆ ಅದು. ಮತ ಕೇಳಲು ಮನೆಗೆ ಬಂದವರಿಗೆ ಪ್ರಣಾಳಿಕೆ ಕೊಟ್ಟು, ಆ ಪುಟ ಯಾವುದು ತೋರಿಸಿ ಎನ್ನಿ.