ವ್ರತಪಾಲನೆ ಮತ್ತು ದೊಡ್ಡ ಕರುಳಿನ ಉರಿಯೂತ

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ‘ಶಕ್ತಿತಸ್ತ್ಯಾಗ’, ‘ಶಕ್ತಿತಸ್ತಪ’ ಎಂಬ ಎರಡು ಸೇರಿವೆ. ತ್ಯಾಗವೂ ತಪಸ್ಸೂ ಶಕ್ತಿಯನ್ನು ಮೀರಬಾರದು, ಶಕ್ತಿಯಿದ್ದೂ ಮರೆಮಾಚಬಾರದು ಎಂಬುದೇ ಇದರ ತಾತ್ಪರ್ಯ. ದೀರ್ಘಕಾಲದ ರೋಗಿಯಿರುವ ಮನೆಯಲ್ಲಿ ಈ ಮಾತನ್ನು ವಿಶೇಷವಾಗಿ ಮನನಮಾಡಬೇಕಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಕೋಗಳಿಯಂಥ ಪ್ರಾಚೀನ ಜೈನ ನೆಲೆಯನ್ನುಳ್ಳ ಈ ಸೀಮೆಯ ಒಬ್ಬ ಶ್ರಾವಕನಿಗೆ ‘ಅಲ್ಸರೇಟಿವ್ ಕೊಲೈಟಿಸ್’ ಇದೆಯೆಂದು ಭಾವಿಸಬಹುದು. ಕೆಲವು ತಿಂಗಳಿಂದ ಆತನು ಸ್ವಸ್ಥನಾಗಿದ್ದಾನೆ. ದಶಲಕ್ಷಣ ಪರ್ವ ಬಂದಾಗ ಹತ್ತು ದಿನ ಮಾತ್ರೆ ನಿಲ್ಲಿಸಿ, ಚತುರ್ದಶಿಯಂದು ನೀರನ್ನೂ ತ್ಯಜಿಸುತ್ತಾನೆ. ಕೆಲವೇ ವಾರಗಳಲ್ಲಿ ಮಲದೊಡನೆ ರಕ್ತ ಮತ್ತೆ ಕಾಣಿಸುತ್ತದೆ. ಇಲ್ಲಿ ತಪ್ಪಿದ್ದು ಶ್ರದ್ಧೆಯಲ್ಲ, ಶಕ್ತಿಯ ಅಳತೆ.

ಈ ರೋಗದಲ್ಲಿ ದೊಡ್ಡ ಕರುಳಿನ ಒಳಪೊರೆ ಉರಿದು ಹುಣ್ಣಾಗುತ್ತದೆ. ಪದೇ ಪದೇ ಭೇದಿ, ಮಲದಲ್ಲಿ ರಕ್ತ ಮತ್ತು ಲೋಳೆ, ಹೊಟ್ಟೆನೋವು, ತಡೆಯಲಾಗದ ಮಲಬಾಧೆ ಇದರ ಲಕ್ಷಣಗಳು. ಆಮಶಂಕೆ ಮತ್ತು ಕರುಳಿನ ಕ್ಷಯಗಳಲ್ಲಿಯೂ ಇಂಥ ಚಿಹ್ನೆಗಳಿರಬಹುದು. ಆದುದರಿಂದ ಮಲಪರೀಕ್ಷೆ ಹಾಗೂ ಕರುಳಿನ ದರ್ಶಕ ಪರೀಕ್ಷೆಯಿಲ್ಲದೆ ರೋಗವನ್ನು ನಿರ್ಣಯಿಸಬಾರದು.

ಚಿಕಿತ್ಸೆಯಿಂದ ದೊರೆಯುವುದು ಬಹುಮಟ್ಟಿಗೆ ಉಪಶಮವೇ ಹೊರತು ಕ್ಷಯವಲ್ಲ. ಕೆಸರು ತಳಕ್ಕಿಳಿದ ನೀರು ತಿಳಿಯಾಗಿ ತೋರಿದರೂ ಕಲಕಿದರೆ ಮತ್ತೆ ರಾಡಿಯಾಗುವಂತೆ, ಶಾಂತವಾದ ರೋಗವೂ ಮರಳಬಹುದು. ಅದಕ್ಕಾಗಿಯೇ ಲಕ್ಷಣಗಳಿಲ್ಲದಿರುವಾಗಲೂ ವೈದ್ಯರು ಮೆಸಲಮೈನ್ ಮೊದಲಾದ ಔಷಧವನ್ನು ಮುಂದುವರಿಸುತ್ತಾರೆ. ಈ ಮಾತ್ರೆಯನ್ನು ಅನೇಕರಿಗೆ ದಿನಕ್ಕೊಮ್ಮೆಯೇ ಕೊಡಬಹುದಾಗಿರುವುದರಿಂದ ರಾತ್ರಿಭೋಜನ ತ್ಯಾಗಕ್ಕೆ ಅಡ್ಡಿಯಿಲ್ಲ. ಕ್ಯಾಪ್ಸೂಲಿನ ಹೊದಿಕೆಯು ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ನಿನದು. ಅದನ್ನು ಗುಟ್ಟಾಗಿ ಬಿಡುವ ಬದಲು, ಮಾತ್ರೆಯ ಅಥವಾ ಪುಡಿಯ ರೂಪದಲ್ಲಿ ಕೊಡುವಂತೆ ವೈದ್ಯರನ್ನು ಕೇಳುವುದು ಯುಕ್ತ.

ಔಷಧಗಳ ದೋಷಗಳನ್ನೂ ಅರಿತಿರಬೇಕು. ಸಲ್ಫಾಸಲಜೀನ್‌ನಿಂದ ತಲೆನೋವು, ವಾಕರಿಕೆ, ಚರ್ಮದ ದದ್ದು ಉಂಟಾಗಬಹುದು. ಫೋಲಿಕ್ ಆಮ್ಲದ ಕೊರತೆಯಾಗಬಹುದು. ಪುರುಷರಲ್ಲಿ ವೀರ್ಯಾಣು ಕಡಿಮೆಯಾಗಬಹುದಾದರೂ ಔಷಧ ಬದಲಿಸಿದರೆ ಅದು ಸರಿಹೋಗುತ್ತದೆ. ಮೆಸಲಮೈನ್ ವಿರಳವಾಗಿ ಮೂತ್ರಪಿಂಡವನ್ನು ಬಾಧಿಸುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಇಂಥವರಿಗೆ ನಿರ್ಜಲ ಉಪವಾಸವು ಇಮ್ಮಡಿ ಅಪಾಯ. ಅಜಾಥಯೋಪ್ರಿನ್ ಸೇವಿಸುವವರಲ್ಲಿ ಬಿಳಿಯ ರಕ್ತಕಣಗಳು ಕುಗ್ಗಬಹುದು. ರೋಗ ಉಲ್ಬಣಿಸಿದಾಗ ಕೊಡುವ ಪ್ರೆಡ್ನಿಸೊಲೋನ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಎಲುಬನ್ನು ಸವೆಸುತ್ತದೆ, ನಿದ್ರೆಯನ್ನು ಕೆಡಿಸುತ್ತದೆ. ಆದರೂ ವಾರಗಟ್ಟಲೆ ಸೇವಿಸಿದ ಅದನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕರ. ವೈದ್ಯರು ಹೇಳಿದಂತೆ ಕ್ರಮವಾಗಿಯೇ ತಗ್ಗಿಸಬೇಕು.

ರೋಗದ ಉಲ್ಬಣವನ್ನೂ ಔಷಧದ ದೋಷವನ್ನೂ ಬೇರ್ಪಡಿಸುವುದು ಸುಲಭವಲ್ಲ. ಕೆಲವರಿಗೆ ಮೆಸಲಮೈನ್ ಆರಂಭಿಸಿದ ಕೆಲವೇ ದಿನಗಳಲ್ಲಿ ಜ್ವರ, ಹೊಟ್ಟೆನೋವು, ರಕ್ತಭೇದಿ ಹೆಚ್ಚುತ್ತವೆ. ಇದು ರೋಗವಾಗಿರದೆ ಔಷಧದ ಅಸಹನೆಯೇ ಆಗಿರಬಹುದು. ಯಾವ ದಿನ ಯಾವ ಔಷಧ ಆರಂಭವಾಯಿತು, ಎಷ್ಟು ಬಾರಿ ಭೇದಿಯಾಯಿತು, ರಕ್ತ ಕಂಡಿತೇ, ಯಾವ ವ್ರತ ನಡೆದಿತ್ತು ಎಂಬುದನ್ನು ಬರೆದಿಟ್ಟರೆ ವೈದ್ಯರಿಗೆ ನಿರ್ಣಯ ಸುಲಭ. ಮೈಕೈ ನೋವಿಗೆಂದು ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ರೋಗವನ್ನು ಕೆರಳಿಸಬಲ್ಲವು. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿಯಾಗಿ, ಜೊತೆಗೆ ಜ್ವರ, ನಾಡಿಯ ವೇಗ ಅಥವಾ ಹೊಟ್ಟೆಯುಬ್ಬರ ಕಂಡರೆ ಸೂರ್ಯೋದಯಕ್ಕಾಗಿ ಕಾಯಬಾರದು; ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಅಗತ್ಯವಿದ್ದರೆ ಬಳ್ಳಾರಿ ಅಥವಾ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಬೇಕು.

ಉಲ್ಬಣದ ದಿನಗಳಲ್ಲಿ ಆಹಾರ ಮೃದುವಾಗಿರಲಿ. ಜೋಳದ ರೊಟ್ಟಿ ರೋಗಕ್ಕೆ ಕಾರಣವಲ್ಲ. ಆದರೆ ಆ ದಿನಗಳಲ್ಲಿ ತರಿಯಾದ ಹಿಟ್ಟಿನ ರೊಟ್ಟಿ, ಶೇಂಗಾ ಮತ್ತು ಕಾರದ ಚಟ್ನಿ ಹಲವರಿಗೆ ಒಗ್ಗುವುದಿಲ್ಲ. ಮೆತ್ತಗೆ ಬೆಂದ ಅನ್ನ, ಹೆಸರುಬೇಳೆಯ ಕಟ್ಟು, ಸೋರೆಕಾಯಿ, ಹೀರೆಕಾಯಿ, ಮಾಗಿದ ಬಾಳೆಹಣ್ಣು ಸಾಕು. ಕಂದಮೂಲವಿಲ್ಲದೆಯೂ ಪಥ್ಯ ಸಾಗುತ್ತದೆ. ಭೇದಿಯಾಗುತ್ತಿರುವಾಗ ಷಡ್ರಸ ತ್ಯಾಗದ ನಿಯಮದಿಂದ ಉಪ್ಪು, ಸಕ್ಕರೆಗಳನ್ನು ಬಿಡುವುದು ಹಾನಿಕರ. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಸಮಚಮಚೆ ಸಕ್ಕರೆ, ಅರ್ಧ ಸಮಚಮಚೆ ಉಪ್ಪು ಬೆರೆಸಿ, ಚಹಾ ಚಮಚೆಯಿಂದಲೇ ಅಳೆದು, ಆಗಾಗ ಗುಟುಕು ಗುಟುಕಾಗಿ ಕುಡಿಯಬೇಕು.

ಹಾಗಾದರೆ ರೋಗಿಗೆ ವ್ರತವೇ ಇಲ್ಲವೇ? ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಉಪವಾಸಕ್ಕೆ ಅಶಕ್ತರಾದವರಿಗೆ ಅನುಪವಾಸವನ್ನೂ, ಅದಕ್ಕೂ ಅಶಕ್ತರಾದವರಿಗೆ ಇನ್ನೂ ಸೌಮ್ಯವಾದ ನಿಯಮಗಳನ್ನೂ ವಿಧಿಸಿದ್ದಾನೆ. ಬಾಹ್ಯ ತಪಸ್ಸು ಆರು ಬಗೆಯದು. ಅನಶನವು ಅದರಲ್ಲಿ ಒಂದು ಮಾತ್ರ. ರೋಗ ಶಾಂತವಾಗಿರುವಾಗ ವೈದ್ಯರ ಒಪ್ಪಿಗೆಯಿಂದ ಒಂದು ವಸ್ತುವಿನ ತ್ಯಾಗವನ್ನೋ ಮಿತವಾದ ಊಟವನ್ನೋ ಕೈಗೊಳ್ಳಬಹುದು. ಉಲ್ಬಣದಲ್ಲಿ ಸ್ವಾಧ್ಯಾಯ, ಜಪ, ಸಾಮಾಯಿಕಗಳಿವೆ. ಅವುಗಳಿಗೆ ಕರುಳಿನ ಅನುಮತಿ ಬೇಕಿಲ್ಲ.

ಸಮಂತಭದ್ರಾಚಾರ್ಯರಿಗೆ ಭಸ್ಮಕ ರೋಗ ಬಂದಾಗ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರೆಂದೂ, ಗುರುಗಳು ಒಪ್ಪದೆ, ಮುನಿವೇಷವನ್ನು ಬಿಟ್ಟು ರೋಗವನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರೆಂದೂ ಪರಂಪರೆಯ ಕಥೆ ಹೇಳುತ್ತದೆ. ಮಹಾಮುನಿಗೇ ದೊರೆತ ಈ ಆಜ್ಞೆ ಗೃಹಸ್ಥನಿಗೆ ಅನ್ವಯಿಸದೆ ಇರದು. ಪರ್ವದ ದಿನ ಮನೆಯವರೆಲ್ಲ ಉಪವಾಸವಿರುವಾಗ ರೋಗಿಯು ಗಂಜಿಯುಂಡು ಮಾತ್ರೆ ನುಂಗಿದರೆ ಅವನನ್ನು ಹೀನನೆಂದು ಕಾಣಬಾರದು. ಹೊತ್ತಿಗೆ ಸರಿಯಾಗಿ ಆ ಗಂಜಿಯನ್ನೂ ಮಾತ್ರೆಯನ್ನೂ ಒದಗಿಸುವುದು ಆಹಾರದಾನ, ಔಷಧದಾನಗಳ ಭಾವವನ್ನೇ ಮನೆಯಲ್ಲಿ ಆಚರಿಸಿದಂತೆ.