ನಡೆಯಲು ಕಲಿತ ಮಗು, ತೆರೆದ ಬಾವಿ



ವರ್ಷ ತುಂಬುತ್ತಲೇ ಮಗು ಗೋಡೆ ಹಿಡಿದು ಹೆಜ್ಜೆಯಿಡುತ್ತದೆ. ಅದನ್ನು ಕಂಡು ಹಿಗ್ಗುವ ನಾವು ಮನೆಯ ಸುತ್ತಲಿನ ನೀರನ್ನೂ ನೋಡಬೇಕು. ಕಾರವಾರ, ಅಂಕೋಲೆಗಳ ಕಡೆ ಬಾವಿ ಅಂಗಳದಲ್ಲೇ ಇರುತ್ತದೆ. ಮಳೆಗಾಲದಲ್ಲಿ ನೀರು ಮೇಲಕ್ಕೇರುತ್ತದೆ. ನಾಟಿಯ ದಿನಗಳಲ್ಲಿ ತಾಯಿತಂದೆ ಗದ್ದೆಯಲ್ಲಿರುತ್ತಾರೆ. 2 ಅಂಗುಲ ನೀರಿರುವ ಬಕೆಟ್ಟಿನಲ್ಲೂ ಮಗು ಮುಳುಗಬಹುದು. ಮುಳುಗುವ ಮಗು ಕೂಗುವುದಿಲ್ಲ.

ಆದುದರಿಂದ:

1. ಬಾವಿಗೆ ಸೊಂಟದೆತ್ತರದ ಕಟ್ಟೆ ಕಟ್ಟಿ, ಮೇಲೆ ಜಾಳಿಗೆ ಹಾಕಿರಿ. ಹತ್ತಲು ಸಿಗುವ ಕಲ್ಲು, ಮಣೆ ಬಳಿಯಲ್ಲಿಡಬೇಡಿ.

2. ಬಕೆಟ್ಟನ್ನು ಬಳಸಿದೊಡನೆ ಬೋರಲು ಹಾಕಿರಿ, ಹಂಡೆಯನ್ನು ಮುಚ್ಚಿರಿ.

3. ಗದ್ದೆಗೆ ಹೋಗುವಾಗ ಮಗುವನ್ನು ದೊಡ್ಡವರಿಗೆ ಒಪ್ಪಿಸಿರಿ. ಏಳೆಂಟು ವರ್ಷದ ಅಕ್ಕನಿಗಲ್ಲ.

4. ನೀರಿಗೆ ಬಿದ್ದ ಮಗು ಉಸಿರಾಡದಿದ್ದರೆ ತಲೆಕೆಳಗೆ ಹಿಡಿಯಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಊದಿರಿ, ಎದೆ ಒತ್ತಿರಿ; 108ಕ್ಕೆ ಕರೆ ಮಾಡಿಸಿರಿ.

ಚಿರೇಕಲ್ಲು ನಮ್ಮಲ್ಲೇ ಸಿಗುತ್ತದೆ. ಈ ಮಳೆಗೆ ಮುಂಚೆಯೇ ಕಟ್ಟೆ ಏಳಲಿ.